ಗೌರವಕ್ಕೊಂದು ಬಹುವಚನ

“ಮುಟ್ಟಬೇಡಮ್ಮಾ! ಅದನ್ನ ಮುಟ್ಟಬೇಡ!”

ಡೈರೆಕ್ಟರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಮೊಣಕೈ ತಗುಲಿ ಮೇಜಿನ ಮೇಲಿನ ಕಡತವೊಂದು ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತುವ ಗೊಡವೆಗೆ ಯಾರೂ ಹೋಗಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಒಂದು ಮಣ್ಣಿನ ಕುಂಡ. ಅದರಲ್ಲಿ ಮೊಳದುದ್ದದ ಗಿಡ, ಎಲೆಗೂ ಕಾಂಡಕ್ಕೂ ಕಂದು ರೋಮ, ತುದಿಯಲ್ಲಿ ತಲೆ ಬಗ್ಗಿಸಿ ನಿಂತ ಒಂದೇ ಒಂದು ನೀಲಿ ಹೂವು. ಬೆಟ್ಟಗಸಗಸೆ. ಎಸಳು ಎಷ್ಟು ತೆಳುವೆಂದರೆ ಆಚೆಯ ಬೆಳಕು ಸಲೀಸಾಗಿ ಈಚೆಗೆ ಬರುತ್ತಿತ್ತು.

ತಂಗಿ ಮುಟ್ಟಿದ್ದು ಹೂವನ್ನಲ್ಲ. ಗಿಡ ಬಾಗಬಾರದೆಂದು ಪಕ್ಕದಲ್ಲೊಂದು ಕಡ್ಡಿ ಊರಿ, ಬಟ್ಟೆಯ ಪಟ್ಟಿಯಿಂದ ಕಟ್ಟಿದ್ದರಲ್ಲ, ಆ ಗಂಟನ್ನು.

“ಮೇಷ್ಟ್ರೇ, ಇಲ್ಲಿ ಬನ್ನಿ,” ಅಂದಳು. ಅವಳ ದನಿ ಅವಳದ್ದೇ ಅಲ್ಲವೇನೋ ಎನ್ನುವ ಹಾಗಿತ್ತು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಎದ್ದರು. ಅರ್ಧ ಆಯಸ್ಸು ಮಕ್ಕಳಿಗೆ ವ್ಯಾಕರಣ ಕಲಿಸಿ, ಉಳಿದರ್ಧಕ್ಕೆ ಪತ್ತೇದಾರಿಕೆ ಹಿಡಿದ ಮನುಷ್ಯ ಅವರು. ಠಾಣೆಗೆ ಕಾಲಿಟ್ಟರೆ ಸಾಕು, “ಬಂದ್ರಪ್ಪಾ ಸಂಧಿ-ಸಮಾಸ” ಎಂದು ಪೊಲೀಸರು ಮುಸಿಮುಸಿ ನಗುತ್ತಿದ್ದರು. ನಗಲಿ ಎಂದು ಮೇಷ್ಟ್ರು ಸುಮ್ಮನಿರುತ್ತಿದ್ದರು. ಜನ ಸುಳ್ಳು ಹೇಳುವಾಗ ಮುಖ ಕಾಪಾಡಿಕೊಳ್ಳುತ್ತಾರೆ, ಕೈಕಾಲು ಕಾಪಾಡಿಕೊಳ್ಳುತ್ತಾರೆ, ಕ್ರಿಯಾಪದ ಕಾಪಾಡಿಕೊಳ್ಳುವುದು ಮಾತ್ರ ಮರೆಯುತ್ತಾರೆ ಎನ್ನುವುದು ಅವರ ಅನುಭವ.

ಈ ತಂಗಿ ಅಂಗಡಿಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ, ಇದೇ ಸಸ್ಯತೋಟದಲ್ಲಿ ಗಿಡ ಸಂಗ್ರಹಿಸುವ ಕೆಲಸದಲ್ಲಿದ್ದ ಅಕ್ಕ ಬೆಟ್ಟ ಹತ್ತಿ ಹೋದವಳು ಹಿಂದಿರುಗಲಿಲ್ಲ. ಜೊತೆಗೆ ಹೋಗಿದ್ದವರು ಈಗಿನ ಡೈರೆಕ್ಟರು, ಆಗಿನ್ನೂ ಹುಡುಗು ವಯಸ್ಸಿನ ವಿಜ್ಞಾನಿ. ಅಕ್ಕ ಜಾರಿ ಕಣಿವೆಗೆ ಬಿದ್ದಳು ಎಂದು ಬಂದು ಹೇಳಿದವರೂ ಅವರೇ. ಈಚೆಗೆ ತಂಗಿ ಧೈರ್ಯ ಮಾಡಿ, ಬಿದ್ದ ಜಾಗವನ್ನಾದರೂ ತೋರಿಸಿ ಎಂದು ಕೇಳಿಕೊಂಡಾಗ ಒಂದು ಸಲ ಒಂದು ಜಾಗ, ಇನ್ನೊಂದು ಸಲ ಇನ್ನೊಂದು ಜಾಗ ಹೇಳಿದ್ದರು. ಅದಕ್ಕೇ ಅವಳು ಮೇಷ್ಟ್ರ ಮನೆಯ ಮೆಟ್ಟಿಲು ಹತ್ತಿದ್ದು.

ಇವತ್ತು ಅಂಗಡಿಗೆ ಬೀಗ ಹಾಕಿ ಬಂದಿದ್ದಳು. ದಾರಿಯುದ್ದಕ್ಕೂ ಅದೇ ಪೇಚಾಟ.

“ಇವತ್ತು ಕೋಟು ಕೊಡ್ತೀನಿ ಅಂತ ಗಿರಾಕಿಗೆ ಮಾತು ಕೊಟ್ಟಿದ್ದೆ ಮೇಷ್ಟ್ರೇ. ಪಾಪ, ದೂರದಿಂದ ಬರೋರು. ಒಳಗಡೆ ಜೇಬು ಇಡಿ, ಇನ್ನೊಂದು ಇಡಿ ಅಂತ ಎಷ್ಟು ಸಲ ಹೇಳಿದ್ರು!”

“ಸಂಜೆಗೆ ಬರ್ತಾರೆ ಬಿಡು. ಇಲ್ಲಾಂದ್ರೆ ನಾಳೆ. ಕೋಟೇನು ಕಾಲು ಬಂದು ಓಡಿಹೋಗುತ್ತಾ?” ಅಂದಿದ್ದರು ಮೇಷ್ಟ್ರು.

ಈಗ ಆ ಕೋಟಿನ ಚಿಂತೆಯೆಲ್ಲ ಅವಳ ಮುಖದಿಂದ ಮಾಯವಾಗಿತ್ತು.

“ಇದು ನನ್ನ ಗಂಟು ಮೇಷ್ಟ್ರೇ.”

“ನಿನ್ನದು ಅಂದ್ರೆ? ನೀನು ಕಟ್ಟಿದ್ದಾ?”

“ನಾನು ಕಟ್ಟಿದ್ದಲ್ಲ, ನಾನು ಕಟ್ಟೋ ಥರದ್ದು. ಅಮ್ಮ ನಮ್ಮಿಬ್ಬರಿಗೂ ಒಂದೇ ಗಂಟು ಕಲಿಸಿದ್ಳು. ಸುತ್ತೋದು, ತೂರಿಸೋದು, ಎಳೆಯೋದು, ಅಷ್ಟೇ. ನಂಗೆ ಎಲ್ಲಿ ಬಿಚ್ಚಿಹೋಗುತ್ತೋ ಅಂತ ಭಯ. ತುದೀನ ತಿರುಗಿಸಿ ಮತ್ತೆ ಗಂಟಿನ ಹೊಟ್ಟೆಗೇ ತುರುಕ್ತಿದ್ದೆ. ಅದು ತಪ್ಪು. ಗಂಟು ದಪ್ಪ ಆಗುತ್ತೆ, ಅಸಹ್ಯ ಕಾಣುತ್ತೆ, ಬಿಚ್ಚೋಕೆ ಹೋದ್ರೆ ಉಗುರು ಕಿತ್ತು ಬರುತ್ತೆ. ಅಮ್ಮ ಬೈತಿದ್ಳು. ಅಕ್ಕ ಮಾತ್ರ ನನ್ನ ಖುಷಿಗೆ ನನ್ನ ಹಾಗೇ ಕಟ್ಟೋಳು.”

ಮೇಷ್ಟ್ರು ಬಗ್ಗಿ ನೋಡಿದರು. ಬಟ್ಟೆಯ ತುದಿ ನಿಜಕ್ಕೂ ಒಂದು ಸುತ್ತು ಹಿಂದೆ ಬಂದು, ಗಂಟಿನೊಳಗೇ ಹೋಗಿ ಅಡಗಿಕೊಂಡಿತ್ತು. ಬಟ್ಟೆ ಹಳೆಯದಲ್ಲ. ಮಾಸಿರಲಿಲ್ಲ, ಮಳೆ ಬಿಸಿಲು ಕಂಡ ಗುರುತೂ ಇರಲಿಲ್ಲ.

“ಈ ಕುಂಡ ಎಲ್ಲಿಂದ ಬಂತು ಸಾರ್?”

“ಬೆಟ್ಟದ ಕಡೆಯಿಂದ. ಬಸ್ಸಿನಲ್ಲಿ ಯಾರೋ ಕಳಿಸ್ತಾರೆ,” ಅಂದರು ಡೈರೆಕ್ಟರು. ಮತ್ತೆ ಕುರ್ಚಿಯಲ್ಲಿ ಕುಳಿತು, ಇಲ್ಲದ ಧೂಳನ್ನು ಮೇಜಿನಿಂದ ಒರೆಸಿದರು. “ಗಿಡಕ್ಕೆ ಆಸರೆ ಕೊಡುವಾಗ ಯಾರೋ ಒಂದು ಗಂಟು ಹಾಕಿರ್ತಾರೆ. ಪ್ರಪಂಚದಲ್ಲಿ ಇರೋ ಗಂಟೆಲ್ಲ ಒಂದೇ ಥರ ಅಲ್ವೇನಮ್ಮಾ?”

“ವರ್ಷಾ ವರ್ಷಾ ಕಳಿಸ್ತಾರಾ?”

“ಕಳಿಸ್ತಾರೆ.”

“ಒಂದೇ ಗಿಡಾನಾ?”

“ಹೇಗೆ ಸಾಧ್ಯ? ಇದು ಜೀವಮಾನಕ್ಕೆ ಒಂದೇ ಸಲ ಹೂ ಬಿಡೋದು. ಎಷ್ಟೋ ವರ್ಷ ಬರೀ ಎಲೆಯಾಗಿ ನೆಲಕ್ಕೆ ಅಂಟಿಕೊಂಡು ಕೂತಿರುತ್ತೆ. ಒಂದು ಬೇಸಿಗೆ ಹೂ ಬಿಡುತ್ತೆ, ಬೀಜ ಕಟ್ಟುತ್ತೆ, ಸತ್ತುಹೋಗುತ್ತೆ. ಮತ್ತೆ ಬೀಜದಿಂದಲೇ ಶುರು.”

ಹಾಗಾದರೆ ಮೇಲೆ ಯಾರೋ ಒಬ್ಬರು ಪ್ರತಿ ವರ್ಷ ಬೀಜ ಹಾಕುತ್ತಿದ್ದಾರೆ ಎಂದುಕೊಂಡರು ಮೇಷ್ಟ್ರು. ಇವತ್ತು ಹಾಕಿದ್ದು ಯಾವತ್ತೋ ಹೂವಾಗುತ್ತದೆಂದು ಕಾಯುತ್ತಿದ್ದಾರೆ. ಕಾದು ಕಾದು ಹೂ ಬಿಟ್ಟದ್ದನ್ನು ತಾವಿಟ್ಟುಕೊಳ್ಳದೆ, ಬಸ್ಸು ಹತ್ತಿಸಿ ಈ ಕೋಣೆಗೆ ಕಳಿಸುತ್ತಿದ್ದಾರೆ. ಬಸ್ಸಿನ ಕುಲುಕಾಟಕ್ಕೆ ಗಿಡ ಮುರಿಯಬಾರದೆಂದು ಹೆದರಿ, ಬಿಚ್ಚಿಹೋಗದ ಹಾಗೆ ಗಂಟನ್ನೂ ಹಾಕುತ್ತಿದ್ದಾರೆ.

“ಕೆಳಗೆ ತೋಟದಲ್ಲಿ ಇದರ ಫಲಕ ನೋಡಿಕೊಂಡು ಬಂದೆ,” ಅಂದರು ಮೇಷ್ಟ್ರು, ಹವಾಮಾನ ಮಾತಾಡುವವರ ಹಾಗೆ. “ಬಣ್ಣ ಇನ್ನೂ ಹಸಿ.”

“ಹೊಸ ಫಲಕ. ಗಿಡದ ಕುಲ ಬದಲಾಯ್ತಲ್ಲ, ಅದಕ್ಕೆ.”

ಕುಲದ ಕತೆ ಊರಿಗೇ ಗೊತ್ತಿದ್ದ ಜಗಳ. ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಪ್ರತಿ ಗಿಡಕ್ಕೂ ಎರಡು ಹೆಸರು: ಮೊದಲನೆಯದು ಕುಲದ್ದು, ಎರಡನೆಯದು ಅದರ ಸ್ವಂತದ್ದು. ಈ ನೀಲಿ ಹೂವಿಗೆ ಆ ಎರಡನೆಯ ಹೆಸರು ಬಂದದ್ದು ಅಕ್ಕನ ಮನೆತನದಿಂದ. ಸಾಮಾನ್ಯ ಗಸಗಸೆಯ ಕಾಯಿಗೆ ಕುತ್ತಿಗೆ ಇರುವುದಿಲ್ಲ, ಕಾಯಿಯ ಮೇಲೆ ಸೀದಾ ಟೋಪಿ ಇಟ್ಟ ಹಾಗೆ ಮುಚ್ಚಳ. ಬೆಟ್ಟಗಸಗಸೆಗಳಿಗೆ ನಡುವೆ ಸಣ್ಣದೊಂದು ಕುತ್ತಿಗೆ. ಈ ನೀಲಿ ಹೂವಿನ ಕಾಯಿಗೋ, ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ ಎನ್ನುವಷ್ಟು ಚೋಟು ಕುತ್ತಿಗೆ. ಇದೆ ಎಂದು ಬೆಟ್ಟದ ಕುಲಕ್ಕೆ ಸೇರಿಸಿದವರು ಡೈರೆಕ್ಟರು. ಇಲ್ಲ ಎಂದು ಈ ವರ್ಷ ಹೊಸ ಪೀಳಿಗೆಯವರು ಅದನ್ನೆತ್ತಿ ಸಾಮಾನ್ಯ ಗಸಗಸೆಯ ಕುಲಕ್ಕೆ ಹಾಕಿದ್ದರು. ಅಷ್ಟು ವರ್ಷ ಆ ಕುತ್ತಿಗೆಗಾಗಿ ಡೈರೆಕ್ಟರು ಕಂಡಕಂಡ ಸಭೆಯಲ್ಲೆಲ್ಲ ಮೇಜು ಕುಟ್ಟಿದ್ದರು.

“ಕೊನೆಗೂ ಸೋತ್ರಿ ಅನ್ನಿ.”

“ಸೋತೆ. ಹೋಗ್ಲಿ ಬಿಡಿ. ಮನೆತನ ಬದಲಾದ್ರೆ ಏನಂತೆ, ಗಿಡ ಅದೇ ತಾನೇ?”

“ಅದೇ ಸಾರ್ ನನಗೆ ಅರ್ಥ ಆಗದೆ ಇರೋದು.” ಮೇಷ್ಟ್ರು ಎದುರಿನ ಕುರ್ಚಿ ಎಳೆದುಕೊಂಡು ಕೂತರು. “ಜೀವಮಾನ ಪೂರ್ತಿ ಕಾದಾಡಿದ ಕುಲದ ಹೆಸರನ್ನ ‘ಹೋಗ್ಲಿ ಬಿಡಿ’ ಅಂತ ಬಿಟ್ಟುಕೊಟ್ರಿ. ಎರಡನೇ ಹೆಸರಿನ ತುದಿಯಲ್ಲಿ ಒಂದು ಬಾಲ ಇದೆ ನೋಡಿ, ಅದನ್ನ ಮಾತ್ರ ಬಿಡಲಿಲ್ಲ. ಫಲಕ ಬರೆದವರು ಹೊಸ ಪುಸ್ತಕ ನೋಡಿ ಬಾಲ ಬದಲಾಯಿಸಿದ್ರು. ನೀವು ಬ್ರಷ್ ಹಿಡಿದು ಅದನ್ನ ಅಳಿಸಿ ಹಳೇ ಬಾಲವನ್ನೇ ಬರೆದಿದ್ದೀರಿ. ನಿಮ್ಮ ತೋಳಿನ ಮೇಲೆ ಇನ್ನೂ ಬಿಳಿ ಬಣ್ಣ ಇದೆ.”

ಡೈರೆಕ್ಟರು ತೋಳು ನೋಡಿಕೊಂಡರು. ನೋಡಿಕೊಂಡದ್ದೇ ತಪ್ಪಾಯಿತು ಎಂದು ಅವರ ಮುಖವೇ ಹೇಳಿತು.

“ಆ ಬಾಲ ನಂಗೊತ್ತು,” ಅಂದಳು ತಂಗಿ ಕಿಟಕಿಯ ಬಳಿಯಿಂದ. “‘ಆರುಂ’. ಅದು ‘ಅವರು’ ಇದ್ದ ಹಾಗೆ. ಗೌರವಕ್ಕೆ. ಸ್ಕೂಲಿನಿಂದ ತೋಟ ತೋರಿಸೋಕೆ ಕರಕೊಂಡು ಬಂದಾಗ ಟೀಚರ್ ಹೇಳಿದ್ರು, ಅದು ಬಹುವಚನ ಅಂತ. ನಾನು ಮನೆಗೆ ಓಡಿಹೋಗಿ, ಹೂವಿನ ಜನ ನಮ್ಮಕ್ಕನ್ನ ‘ಅವರು’ ಅಂತಾರಮ್ಮಾ ಅಂದಿದ್ದೆ.”

ಮೇಷ್ಟ್ರೂ ನಿನ್ನೆಯವರೆಗೆ ಹಾಗೆಯೇ ಅಂದುಕೊಂಡಿದ್ದರು. ಹೂವಿಗೆ ಅಕ್ಕನ ಮನೆತನದ ಹೆಸರು, ಅದರ ಕೊನೆಗೆ ಬಹುವಚನ. ಇದರಲ್ಲಿ ಕೇಳುವುದೇನಿದೆ? ಹೋದವರ ಹೆಸರಿಗೆ ನಾವು ಬಹುವಚನ ಹಾಕುತ್ತೇವೆ. ಮೇಷ್ಟ್ರ ಹೆಂಡತಿಯಂತೂ ಬದುಕಿದ್ದಷ್ಟು ಕಾಲ ಗಂಡನನ್ನು ‘ನೀವು’ ಎಂದೇ ಕರೆದವರು. ಒಂದೇ ಒಂದು ಸಲ ಬಾಯಿ ತಪ್ಪಿಯಾದರೂ ‘ನೀನು’ ಅನ್ನಲಿ ಎಂದು ಮೇಷ್ಟ್ರಿಗೆ ಒಳಗೊಳಗೇ ಆಸೆಯಿತ್ತು, ಕೇಳಲು ನಾಚಿಕೆಯಾಗಿತ್ತು. ಆಮೇಲೆ ಕೇಳೋಣವೆಂದರೆ ಅವರೇ ಇರಲಿಲ್ಲ.

ಬೆಳಿಗ್ಗೆ ಒಣಗಿಸಿದ ಗಿಡಗಳನ್ನಿಡುವ ಹರ್ಬೇರಿಯಂ ಕೋಣೆಯಲ್ಲಿ, ಅಲ್ಲಿನ ಮೇಡಂ ಈ ಮಾತು ಕೇಳಿ ಬಿದ್ದು ಬಿದ್ದು ನಕ್ಕಿದ್ದರು. “ಹೂವಿನ ಹೆಸರಿಗೆ ಗೌರವ ಗೊತ್ತಿಲ್ಲ ಮೇಷ್ಟ್ರೇ, ಬರೀ ಲೆಕ್ಕ ಗೊತ್ತು. ಒಬ್ಬ ಹೆಂಗಸಾದ್ರೆ ‘ಏ’. ಒಬ್ಬರಿಗಿಂತ ಜಾಸ್ತಿ ಹೆಂಗಸರಾದ್ರೆ ‘ಆರುಂ’. ಒಬ್ಬಳ ನೆನಪಿಗೆ ಇಟ್ಟ ಹೆಸರಲ್ವಾ, ಡೈರೆಕ್ಟರು ನಮ್ಮ ಮಾತಿನ ಅಭ್ಯಾಸಕ್ಕೆ ಎಡವಟ್ಟು ಮಾಡಿದ್ದಾರೆ ಅಂತ ಹೊಸಬರು ತಿದ್ದಿದ್ರು.”

ಎಡವಟ್ಟು ಹೌದೋ ಅಲ್ಲವೋ ಎಂದು ಈಗ ಗೊತ್ತಾಗಬೇಕಿತ್ತು.

“ಗೌರವಕ್ಕೆ ಹಾಕಿದ್ದು ತಾನೇ ಸಾರ್?” ಮೇಷ್ಟ್ರು ತೀರಾ ಮೃದುವಾಗಿ ಕೇಳಿದರು.

“ಹೌದು, ಹೌದು.” ಡೈರೆಕ್ಟರ ಉಸಿರು ಸಡಿಲವಾಯಿತು. “ಗೌರವಕ್ಕೇ. ಅವಳು ದೊಡ್ಡ ಕೆಲಸಗಾರ್ತಿ. ಅವಳಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿರಲಿಲ್ಲ. ಅವಳಿಗೆ ಅಷ್ಟಾದ್ರೂ ಸಲ್ಲಲಿ ಅಂತ…”

“ಅವಳು.”

“ಏನು?”

“ಈಗಷ್ಟೇ ನೀವು ಅಂದದ್ದು. ‘ಅವಳು’. ಹೋದ ವಾರ ಬಂದಾಗಲೂ ‘ಅವಳು’. ನಿಮ್ಮ ಬಾಯಲ್ಲಿ ಅವರು ಒಂದು ಸಲವೂ ‘ಅವರು’ ಆಗಿಲ್ಲ ಸಾರ್. ತಪ್ಪು ಅಂತ ನಾನು ಹೇಳ್ತಿಲ್ಲ. ಹತ್ತಿರದವರನ್ನ ಹಾಗೇ ಕರೆಯೋದು. ಆದ್ರೆ ಬಾಯಲ್ಲಿ ಇಲ್ಲದ ಬಹುವಚನ ಹೂವಿನ ಬಾಲಕ್ಕೆ ಎಲ್ಲಿಂದ ಬಂತು?”

ಡೈರೆಕ್ಟರು ತೋಳಿನ ಬಣ್ಣವನ್ನು ಉಗುರಿನಿಂದ ಕೆರೆದರು.

“ನಿಮ್ಮ ಗುರುಗಳ ಹೆಸರಿನಲ್ಲೂ ಒಂದು ಹೂವಿದೆಯಂತೆ. ಹೆಸರಿಟ್ಟವರು ನೀವೇ. ಆಕೆ ಫೋನ್ ಮಾಡಿದ್ರೆ ಇವತ್ತಿಗೂ ಎದ್ದು ನಿಂತು ಮಾತಾಡ್ತೀರಂತೆ. ಆ ಹೂವಿನ ಬಾಲ ‘ಏ’. ಒಬ್ಬಳು. ನಿಮಗೆ ಲೆಕ್ಕ ಚೆನ್ನಾಗಿ ಗೊತ್ತು.” ಮೇಷ್ಟ್ರು ಮುಂದಕ್ಕೆ ಬಾಗಿದರು. “ಒಂದೇ ಮನೆತನದ ಹೆಂಗಸರು, ಒಬ್ಬರಲ್ಲ. ಒಬ್ಬರು ಅಕ್ಕ. ಇನ್ನೊಬ್ಬರು ಯಾರು? ಹೆಸರಿಡುವಾಗ ಅವಳ ಮನೆಯಲ್ಲಿ ಯಾರಿದ್ದಾರೆ ಅಂತಲೇ ಗೊತ್ತಿರಲಿಲ್ಲ ಅಂದಿದ್ರಿ.”

ಹೊರಗೆ ಗಾಜಿನ ಮನೆಯ ಕಡೆ ಯಾರೋ ನೀರು ಹಾಯಿಸುತ್ತಿದ್ದ ಸದ್ದು. ಕೋಣೆಯೊಳಗೆ ಫ್ಯಾನು ತಿರುಗುತ್ತಿತ್ತು, ಅದರ ಗಾಳಿಗೆ ನೀಲಿ ಎಸಳು ಅಲುಗುತ್ತಿತ್ತು.

“ನಾನಾ?”

ತಂಗಿ ಕೇಳಿದ್ದು ಅಷ್ಟೇ. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಮೇಷ್ಟ್ರು ಕೇಳಿರಲಿಲ್ಲ. ಗಿರಾಕಿಗಳನ್ನು ಗದರುವ ಬಾಯಿ ಅದು.

ಡೈರೆಕ್ಟರು ಅವಳ ಮುಖ ನೋಡಿದರು.

“ನೀನೇ ಕಣಮ್ಮಾ,” ಅಂದರು. “ಹೆಸರು ಇಟ್ಟವಳೂ ಅವಳೇ. ತನ್ನ ಹೆಸರನ್ನ ತಾನೇ ಇಟ್ಟುಕೊಳ್ಳೋದು ನಮ್ಮಲ್ಲಿ ಮರ್ಯಾದೆ ಅಲ್ಲ, ಅದಕ್ಕೆ ನನ್ನ ಹೆಸರಲ್ಲಿ ಅಚ್ಚಾಯ್ತು. ‘ನನಗೊಬ್ಬಳಿಗೇ ಇಡೋದಾದ್ರೆ ಬೇಡ, ನನ್ನ ಪುಕ್ಕಲಿಗೂ ಸೇರಿಸಿ ಇಡು’ ಅಂದ್ಳು.”

ತಂಗಿ ಕಿಟಕಿಯ ಕಟ್ಟೆ ಹಿಡಿದುಕೊಂಡಳು. ಪುಕ್ಕಲಿ. ಕತ್ತಲೆಗೆ ಹೆದರುತ್ತಿದ್ದ, ಬಾವಿಗೆ ಹೆದರುತ್ತಿದ್ದ, ಗಂಟು ಬಿಚ್ಚಿಹೋದೀತೆಂದು ಹೆದರುತ್ತಿದ್ದ ಪುಟ್ಟ ಹುಡುಗಿಗೆ ಅಕ್ಕ ಇಟ್ಟ ಹೆಸರು. ಆ ಹೆಸರಿನಿಂದ ಅವಳನ್ನು ಕರೆಯುವವರು ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ಎಷ್ಟೋ ಭಾನುವಾರ ಅವಳು ತೋಟಕ್ಕೆ ಬಂದು ಆ ಫಲಕದ ಮುಂದೆ ನಿಂತಿದ್ದಳು, ಅಕ್ಕನ ಹೆಸರನ್ನು ಬೆರಳಿನಿಂದ ಸವರಿ ಹೋಗಿದ್ದಳು. ತನ್ನದೂ ಅಲ್ಲೇ ಇತ್ತು. ಅಕ್ಕ ಪಕ್ಕದಲ್ಲೇ ಕೂರಿಸಿಕೊಂಡಿದ್ದಳು. ತಂಗಿಗೆ ಅಳು ಬಂತು, ಅಳುತ್ತಲೇ ನಗುವೂ ಬಂತು, ಎರಡನ್ನೂ ಸೆರಗಿಗೆ ಒರೆಸಿಕೊಂಡಳು.

ಮೇಷ್ಟ್ರೂ ಕನ್ನಡಕ ತೆಗೆದು ಒರೆಸಿಕೊಂಡರು. ಆದರೂ ಅವರ ತಲೆಯೊಳಗಿನ ವ್ಯಾಕರಣ ಸುಮ್ಮನೆ ಕೂರಲಿಲ್ಲ.

“ಹೆಸರು ಅಚ್ಚಾಗಿದ್ದು ಅಕ್ಕ ಹೋದ ಮೇಲೆ ಅಂತ ಹೇಳಿದ್ರಿ. ಹೋದವರು ಹೆಸರು ಇಟ್ಟದ್ದು ಹೇಗೆ ಸಾರ್? ಅಕ್ಕ ಇದ್ದಾರಾ?”

ಡೈರೆಕ್ಟರು ಕುಂಡದ ಕಡೆ ಕೈ ತೋರಿಸಿದರು. “ಹೂವು ಬರ್ತಾ ಇದೆಯಲ್ಲ.”

“ಅಂದ್ರೆ?”

“ಅಂದ್ರೆ ಅಷ್ಟೇ. ಪ್ರತಿ ವರ್ಷ ಬೇಸಿಗೆ ಬಂತು ಅಂದ್ರೆ ನಾನು ಈ ಕಿಟಕಿಯಿಂದ ಬಸ್‌ಸ್ಟ್ಯಾಂಡ್ ಕಡೆ ನೋಡ್ತಾ ಕೂರ್ತೀನಿ. ಹೂವು ಬಂದ್ರೆ ಅವಳು ಇದ್ದಾಳೆ. ಎಲ್ಲಿದ್ದಾಳೆ ಅಂತ ನನಗೂ ಗೊತ್ತಿಲ್ಲ. ಕಂಡಕ್ಟರನ್ನ ಕೇಳಿದ್ರೆ ಹಿಂದಿನ ಬಸ್ಸಿನವನು ಕೊಟ್ಟ ಅಂತಾನೆ. ಅವನನ್ನ ಕೇಳಿದ್ರೆ ಇನ್ನೂ ಹಿಂದಿನವನು.” ಅವರ ದನಿಯಲ್ಲಿ ಈಗ ಡೈರೆಕ್ಟರಗಿರಿಯ ಸುಳಿವೂ ಇರಲಿಲ್ಲ. “ನನಗೆ ಬೇರೆ ಏನೂ ಬೇಡವಾಗಿತ್ತು ಮೇಷ್ಟ್ರೇ. ಅವಳನ್ನ ಒಂದು ಸಲ ನೋಡಿದ್ರೆ ಸಾಕಾಗಿತ್ತು.”

“ಸತ್ತಳು ಅಂತ ಯಾಕೆ ಹೇಳಿದ್ರಿ?” ತಂಗಿಯ ದನಿ ಸೀಳಿ ಬಂತು. “ನಾನು ಎಷ್ಟು ವರ್ಷ ಅತ್ತೆ ಗೊತ್ತಾ?”

“ಅವಳೇ ಹಾಗೆ ಹೇಳು ಅಂದ್ಳು. ನೀನು ಜ್ವರ ಬಂದು ತೀರಿಕೊಂಡೆ ಅಂತ ಬೆಟ್ಟಕ್ಕೆ ಸುದ್ದಿ ಬಂತು. ‘ಅವಳಿಲ್ಲದ ಮನೆಗೆ ನಾನು ಯಾಕೆ ಹೋಗ್ಲಿ, ನಾನೂ ಸತ್ತೆ ಅಂತ ಹೇಳಿಬಿಡು’ ಅಂದ್ಳು. ಇವತ್ತಿಗೂ ನೀನು ಇಲ್ಲ ಅಂತಲೇ ಅವಳು ನಂಬಿರೋದು. ಈಚೆಗೆ ನೀನು ಬಂದು ಬಾಗಿಲಲ್ಲಿ ನಿಂತಾಗ ನನಗೆ ಎದೆ ಧಸಕ್ಕಂತು.”

“ಬೆಟ್ಟಕ್ಕೆ ಸುದ್ದಿ ಕಳಿಸಿದ್ದು ಯಾರು?”

ಡೈರೆಕ್ಟರು ಕಣ್ಣು ತಪ್ಪಿಸಿದರು. “ನಿಮ್ಮಮ್ಮ.”

ತಂಗಿ ಕಕ್ಕಾಬಿಕ್ಕಿಯಾಗಿ ಮೇಷ್ಟ್ರ ಕಡೆ ತಿರುಗಿದಳು. ಮನೆಯಲ್ಲಿ ಇರುವುದು ಅವಳೂ ಅಮ್ಮನೂ ಇಬ್ಬರೇ. ಊರಲ್ಲಿ ಯಾರು ಏನೇ ಅಂದರೂ ಅಮ್ಮನ ಮಾತೆಂದರೆ ಅವಳಿಗೆ ಮುಗಿಯಿತು.

ಮೇಷ್ಟ್ರಿಗೆ ಹೋದ ವಾರದ ನೆನಪಾಯಿತು. ತಂಗಿಯ ಮನೆಗೆ ಹೋಗಿದ್ದಾಗ ಆ ತಾಯಿ ಕುಡಿಯಲು ನೀರು ಕೊಟ್ಟು, ಅದೂ ಇದೂ ಮಾತಾಡಿ, “ನನ್ನ ದೊಡ್ಡವಳು ಚಳಿಗೆಲ್ಲ ಹೆದರೋಳಲ್ಲ, ಕಾಲಿಗೆ ಮಾತ್ರ ಏನಾದ್ರೂ ಹಾಕ್ಕೊಳ್ಳೇ ಅಂದ್ರೆ ಕೇಳಲ್ಲ” ಅಂದಿದ್ದರು. ‘ಹೆದರುತ್ತಿರಲಿಲ್ಲ’ ಅಲ್ಲ, ‘ಕೇಳುತ್ತಿರಲಿಲ್ಲ’ ಅಲ್ಲ. ‘ಕೇಳಲ್ಲ’. ಊರೆಲ್ಲ ಅಕ್ಕನನ್ನು ಭೂತಕಾಲಕ್ಕೆ ಕಳಿಸಿ ಎಷ್ಟೋ ವರ್ಷವಾಗಿತ್ತು. ಆ ತಾಯಿಯ ಮಾತಿನಲ್ಲಿ ಅವಳಿನ್ನೂ ವರ್ತಮಾನದಲ್ಲೇ ಇದ್ದಳು. ಹೆತ್ತ ಕರುಳು ಎಂದುಕೊಂಡು ಮೇಷ್ಟ್ರು ಅದನ್ನು ಅಲ್ಲಿಗೇ ಬಿಟ್ಟಿದ್ದರು.

ಬಿಡಬಾರದಿತ್ತು.

“ಅಮ್ಮನಿಗೆ ಫೋನ್ ಮಾಡು,” ಅಂದರು. “ಜೋರಾಗಿ ಕೇಳೋ ಹಾಗೆ ಸ್ಪೀಕರ್ ಹಾಕು, ನಾನೂ ಕೇಳಬೇಕು. ಅಕ್ಕ ಬದುಕಿದ್ದಾಳಾ, ಸತ್ತಳಾ, ಆ ಮಾತೇ ಎತ್ತಬೇಡ. ಅಕ್ಕ ಎಲ್ಲಿದ್ದಾಳೆ ಅಂತ ಕೇಳು. ಊಟ ಆಯ್ತಾ ಅನ್ನೋ ಹಾಗೆ, ಅಷ್ಟು ಸಲೀಸಾಗಿ ಕೇಳು.”

ತಂಗಿ ಫೋನ್ ತೆಗೆದಳು. ಒಮ್ಮೆ ತಪ್ಪು ನಂಬರ್ ಒತ್ತಿದಳು. ಎರಡನೇ ಸಲಕ್ಕೆ ಹತ್ತಿತು.

“ಎಲ್ಲಿದ್ದೀಯೇ?” ಫೋನಿನಿಂದ ಅಮ್ಮನ ದನಿ, ಹಿಂದೆ ಪಾತ್ರೆಗಳ ಸದ್ದು. “ಊಟಕ್ಕೆ ಬರ್ತೀಯೋ ಇಲ್ವೋ? ತಣ್ಣಗಾಯ್ತು ಎಲ್ಲಾ.”

“ಬರ್ತೀನಮ್ಮ. ಅಕ್ಕ ಎಲ್ಲಿದ್ದಾಳೆ ಈಗ?”

“ಅವಳಾ? ನಿನ್ನ ಅಂಗಡಿ ಹತ್ರಾನೇ ಇರ್ಬೇಕು, ಇವತ್ತು ಕೋಟು ಕೊಡ್ತೀನಿ ಅಂದಿದ್ದೀಯಲ್ಲ…”

ಪಾತ್ರೆಯ ಸದ್ದು ನಿಂತಿತು.

ಮೇಷ್ಟ್ರು ಕೂತಲ್ಲೇ ಕುರ್ಚಿಯ ಕೈ ಹಿಡಿದುಕೊಂಡರು. ದೂರದಿಂದ ಬರುವ ಗಿರಾಕಿ. ಒಳಗಡೆ ಜೇಬು ಇಡಿ, ಇನ್ನೊಂದು ಇಡಿ. ಬೀಜ ಹಾಕಿಕೊಳ್ಳುವವರಿಗಲ್ಲದೆ ಅಷ್ಟು ಜೇಬು ಯಾರಿಗೆ ಬೇಕು?

“ಅಮ್ಮಾ,” ಅಂದಳು ತಂಗಿ. “ಯಾವ ಕೋಟು?”

ಆ ಕಡೆ ಅಮ್ಮ ಅಳತೊಡಗಿದರು.

“ನೀನೇ ಅಳತೆ ತಗೊಂಡ್ಯಲ್ಲೇ. ಶೀತ ಅಂತ ಮಫ್ಲರ್ ಸುತ್ತಿಕೊಂಡು ಬಂದಿದ್ದಳಲ್ಲ, ಅವಳೇ ಕಣೇ. ಗುರುತು ಹಿಡೀತೀಯ ಅಂತ ಬಂದಿದ್ಳು. ಎದೆಗೆ ಟೇಪು ಸುತ್ತುವಾಗ ನಿನ್ನ ತಲೆ ಅವಳ ಗಲ್ಲಕ್ಕೆ ತಾಗಿತಂತೆ. ಈಗ ‘ಅಕ್ಕಾ’ ಅಂತಾಳೆ, ಈಗ ಅಂತಾಳೆ ಅಂತ ಕಾದ್ಳಂತೆ. ನೀನು ‘ನೀವು ಕೈ ಎತ್ತಿ ಮೇಡಂ, ನೀವು ತಿರುಗಿ ಮೇಡಂ’ ಅಂದ್ಯಂತೆ. ಮನೆಗೆ ಬಂದು ಅದನ್ನೇ ಹೇಳ್ಕೊಂಡು ಅತ್ಳು. ನನ್ನ ಪುಕ್ಕಲಿ ನನ್ನನ್ನ ‘ನೀವು’ ಅಂದ್ಳು ಅಮ್ಮಾ ಅಂತ.”

ತಂಗಿಯ ಎರಡೂ ಕೈ ಗಾಳಿಯಲ್ಲಿ ಅರ್ಧಕ್ಕೆ ಎದ್ದು ನಿಂತವು, ಟೇಪು ಹಿಡಿದವರ ಹಾಗೆ. ಆ ಮೈಯ ಅಳತೆ ಇಂಚು ಇಂಚು ಅವಳಿಗೆ ಬಾಯಿಪಾಠವಿತ್ತು. ಎಡ ಭುಜ ಸ್ವಲ್ಪ ಇಳಿದಿದೆ ಎಂದು ಅಲ್ಲಿ ಒಂದು ಪದರ ಹೆಚ್ಚಿಗೆ ಇಟ್ಟು ಹೊಲಿದಿದ್ದಳು.

“ನಾನು ಇದ್ದೀನಿ ಅಂತ ಅವಳಿಗೆ ಗೊತ್ತಿತ್ತಾ?”

“ಗೊತ್ತಿಲ್ಲದೆ ಏನು? ನಿನ್ನ ವಿಷಯ ಬಿಟ್ಟು ಅವಳ ಬಾಯಲ್ಲಿ ಬೇರೆ ಏನಿದೆ?”

ಮೇಷ್ಟ್ರು ತಲೆಯೆತ್ತಿ ಡೈರೆಕ್ಟರನ್ನು ನೋಡಿದರು. ಇಷ್ಟು ಹೊತ್ತು ಹೂವಿನ ಹೆಸರಿನ ಬಗ್ಗೆ ನಿಜ ಹೇಳಿದ ಮನುಷ್ಯ, ಜ್ವರದ ಕತೆಯನ್ನು ಯಾಕೆ ಕಟ್ಟಿದ? ಡೈರೆಕ್ಟರ ಮುಖದಲ್ಲಿ ನಾಚಿಕೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅವರು ಫೋನನ್ನೇ ನೋಡುತ್ತಿದ್ದರು, ಬಾಯಾರಿದವರು ನೀರು ನೋಡುವ ಹಾಗೆ.

“ಬೇಗ ಹೋಗೇ,” ಅನ್ನುತ್ತಿದ್ದರು ಅಮ್ಮ. “ಕೋಟು ಇಸ್ಕೊಂಡು ಹೊರಟುಹೋಗ್ತಾಳೆ. ಇನ್ನು ಇಳಿದು ಬರಲ್ಲ ಅಂದಿದ್ದಾಳೆ. ಇದೇ ಕೊನೆ ಅಂದಿದ್ದಾಳೆ. ಅಂಗಡಿ ತೆಗೆದಿದ್ದೀಯ ತಾನೇ?”

“ಬೀಗ ಹಾಕಿ ಬಂದಿದ್ದೀನಮ್ಮ.”

“ಎಲ್ಲಿಗೆ?”

“ತೋಟಕ್ಕೆ. ಡೈರೆಕ್ಟರ ಹತ್ರ.”

ಅಮ್ಮನ ದನಿ ಇದ್ದಕ್ಕಿದ್ದಂತೆ ಪಿಸುಮಾತಾಯಿತು. ಪಿಸುಮಾತಾದರೇನು, ಸ್ಪೀಕರಿನಲ್ಲಿ ಕೋಣೆಗೆಲ್ಲ ಕೇಳಿಸಿತು. “ಅವನಿಗೆ ಮಾತ್ರ ಗೊತ್ತಾಗಬಾರದು ಕಣೇ. ಅವಳು ಇಷ್ಟು ವರ್ಷ ಅಡಗಿಕೊಂಡಿರೋದೇ ಅವನಿಗೆ ಹೆದರಿ.”

ಸ್ಪೀಕರ್ ಹಾಕು ಎಂದ ತಮ್ಮ ನಾಲಗೆಯನ್ನು ಮೇಷ್ಟ್ರು ಮನಸ್ಸಿನಲ್ಲೇ ಶಪಿಸಿಕೊಂಡರು. ಕೈ ಚಾಚಿ ಫೋನ್ ಆರಿಸಿದರು. ಆರಿಸಿ ಏನು ಪ್ರಯೋಜನ?

ಡೈರೆಕ್ಟರು ಎದ್ದು ನಿಂತಿದ್ದರು. ಮೇಜಿನ ಖಾನೆಯಿಂದ ಕಾರಿನ ಕೀಲಿ ತೆಗೆದು ಮೇಜಿನ ಮೇಲೆ, ತಂಗಿಯ ಕಡೆಗೆ ಇಟ್ಟರು.

“ಹೆದರಿ ಅಂದ್ರಲ್ಲ, ಅದಕ್ಕೆ ನನ್ನ ಹತ್ರ ಉತ್ತರ ಇದೆ. ಅದನ್ನ ಅವಳ ಮುಂದೆ ಹೇಳ್ತೀನಿ,” ಅಂದರು. “ಬಸ್ಸಿಗೆ ಕಾದ್ರೆ ಅವಳು ಸಿಗಲ್ಲ. ಮುಚ್ಚಿದ ಬಾಗಿಲು ನೋಡಿದ್ರೆ ಅವಳು ನಿಲ್ಲೋಳಲ್ಲ. ನನ್ನ ಕಾರಿನಲ್ಲಿ ಹೋದ್ರೆ ಸಿಗ್ತಾಳೆ. ಆದ್ರೆ ನಾನೂ ಬರ್ತೀನಿ.”

“ಬೇಡ ತಾಯಿ,” ಅಂದರು ಮೇಷ್ಟ್ರು. “ಇವರು ಆಡಿದ್ದರಲ್ಲಿ ಯಾವುದು ನಿಜ ಅಂತ ನನಗಿನ್ನೂ ಗೊತ್ತಾಗಿಲ್ಲ. ಹೆದರಿ ಅಡಗಿದವಳು ವರ್ಷಾ ವರ್ಷಾ ಹೂವು ಯಾಕೆ ಕಳಿಸ್ತಾಳೆ, ಅದೂ ಗೊತ್ತಾಗಿಲ್ಲ. ಅಮ್ಮ ಹೇಳಿದ್ದು ಕೇಳಿಸಲಿಲ್ವಾ?”

ತಂಗಿ ಕಿಟಕಿಯತ್ತ ನೋಡಿದಳು. ಹೂವಿನ ಒಂದು ಎಸಳು ಆಗಲೇ ಉದುರಿ ಕಟ್ಟೆಯ ಮೇಲೆ ಬಿದ್ದಿತ್ತು. ಗಂಟು ಮಾತ್ರ ಹಾಗೇ ಬಿಗಿಯಾಗಿತ್ತು.

“ಕೇಳಿಸ್ತು ಮೇಷ್ಟ್ರೇ,” ಅಂದಳು. “ಆದ್ರೆ ನಾನು ಅವಳನ್ನ ಒಂದು ಸಲ ‘ನೀನು’ ಅನ್ಬೇಕು.”

ಅವಳು ಕೀಲಿಯತ್ತ ಕೈ ಚಾಚಿದಳು.